ಕುದುರೆಯ ಹಿಂಗಾಲಿಗೂ ಪಿಂಚಣಿ ಕೊಡಿ

ಪಿಂಚಣಿ ಕಚೇರಿಯ ಮೂರನೇ ಕಿಟಕಿಯಲ್ಲಿ ವಿರಾಜಮಾನರಾಗಿರುವ ಮಾನ್ಯ ಅರ್ಹತಾ ಪರಿಶೀಲನಾಧಿಕಾರಿಗಳೇ,

ತಾವು ಒಂದೇ ಕುದುರೆಯ ಮುಂಗಾಲಿಗೆ ಪಿಂಚಣಿ ಮಂಜೂರು ಮಾಡಿ, ಹಿಂಗಾಲಿನ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಆ ಹಿಂಗಾಲು ನನ್ನ ತಾತ. ತಮ್ಮ ಆದೇಶದ ಫಲವಾಗಿ ಎಪ್ಪತ್ತು ದಾಟಿದ ಅವರು ಇಂದಿಗೂ ಪಾದರಕ್ಷೆ ಅಂಗಡಿಯೊಂದರ ಮುಂದೆ ಆಳೆತ್ತರದ ಬೂಟಿನ ವೇಷ ತೊಟ್ಟು ರಿಯಾಯಿತಿ ಚೀಟಿ ಹಂಚುತ್ತಿದ್ದಾರೆ. ಹಿಂದುಮುಂದು ನೋಡದೆ ಆದೇಶ ಬರೆದಿರಿ ಎಂದು ನಾನು ದೂರುವುದಿಲ್ಲ. ಮುಂದನ್ನು ತಾವು ಚೆನ್ನಾಗಿಯೇ ನೋಡಿದ್ದೀರಿ.

ಕಡತಗಳ ರಾಶಿಯಲ್ಲಿ ಮರೆತಿರಬಹುದು, ನೆನಪಿಸುತ್ತೇನೆ. ತಾತ ಮಕ್ಕಳ ನಾಟಕ ಕಂಪನಿಯೊಂದರಲ್ಲಿ ಕುದುರೆಯಾಗಿದ್ದವರು. ಪೂರ್ತಿ ಕುದುರೆಯಲ್ಲ; ಬಟ್ಟೆಯ ಕುದುರೆಯೊಳಗೆ ಇಬ್ಬರಿದ್ದರು. ಮುಂದೆ ನಿಂತು ತಲೆ ಆಡಿಸುತ್ತಿದ್ದವರು ಅವರ ಗೆಳೆಯ. ನಮ್ಮ ಮನೆಯಲ್ಲಿ ಅವರನ್ನು ಮುಂಗಾಲು ತಾತ ಎಂದೇ ಕರೆಯುತ್ತೇವೆ. ನಮ್ಮ ತಾತ ಬಗ್ಗಿ, ಗೆಳೆಯನ ನಡು ಹಿಡಿದು, ಹಿಂದಿನ ಎರಡು ಕಾಲುಗಳಾಗಿದ್ದರು. ಬಾಲ ಅಲ್ಲಾಡಿಸುವ ದಾರವನ್ನು ಎಳೆಯುವ ಹೊಣೆಯೂ ಅವರದೇ. ಅದಕ್ಕೆ ಪ್ರತ್ಯೇಕ ಭತ್ಯೆ ಕೇಳಿಲ್ಲ, ಗಮನಿಸಿ. ಇಲ್ಲಿ ಆರು ವರ್ಷ ಕುಣಿದ ಮೇಲೆ ಕಂಪನಿ ಗಡಿ ದಾಟಿ ಪಕ್ಕದ ದೇಶಕ್ಕೆ ಹೋಯಿತು. ಅಲ್ಲಿ ಒಂಬತ್ತು ವರ್ಷ ಕುಣಿದು ಮುಚ್ಚಿಹೋಯಿತು. ಪಿಂಚಣಿಗೆ ಹತ್ತು ವರ್ಷದ ದುಡಿಮೆ ಬೇಕು. ಎರಡು ದೇಶಗಳ ಒಪ್ಪಂದದಂತೆ ಅಲ್ಲಿಯ ವರ್ಷಗಳನ್ನು ಇಲ್ಲಿಯದಕ್ಕೆ ಕೂಡಿಸಬಹುದು. ಕೂಡಿಸುವುದು ಒಂದನೇ ತರಗತಿಯ ಲೆಕ್ಕ. ತಾವು ಆ ಒಂಬತ್ತು ವರ್ಷಕ್ಕೆ ಪುರಾವೆ ಕೇಳಿದಿರಿ.

ತಾತ ಅಲ್ಲಿಯ ಆಟದ ಫೋಟೋ ಕಳಿಸಿದರು. "ಚಿತ್ರದಲ್ಲಿ ಅರ್ಜಿದಾರರು ಕಾಣುತ್ತಿಲ್ಲ, ಕುದುರೆ ಮಾತ್ರ ಕಾಣುತ್ತಿದೆ" ಎಂದು ಉತ್ತರಿಸಿದಿರಿ. ಸ್ವಾಮಿ, ಅರ್ಜಿದಾರರು ಕಂಡಿದ್ದರೆ ಕಂಪನಿಯವರು ಅವರನ್ನು ಮಾರನೇ ದಿನವೇ ಮನೆಗೆ ಕಳಿಸುತ್ತಿರಲಿಲ್ಲವೇ? ಕಾಣದಿರುವುದೇ ಅವರ ಉದ್ಯೋಗ! ಮುಂಗಾಲು ತಾತನ ಮುಖವಾದರೋ ಕುದುರೆಯ ಬಾಯಿಯೊಳಗಿಂದ ಅರ್ಧ ಇಣುಕುತ್ತಿತ್ತು. ಅಷ್ಟಕ್ಕೇ ಅವರು ಅರ್ಹರಾದರು. ಬಾಯಿದ್ದವನು ಬದುಕಿದ ಎಂಬ ಮಾತು ತಮ್ಮ ಕಚೇರಿಯಲ್ಲೇ ಹುಟ್ಟಿರಬೇಕು.

ಆಮೇಲೆ ಖುದ್ದು ವಿಚಾರಣೆಗೆ ಕರೆದಿರಿ. ಮೂಲೆಯ ಕುರ್ಚಿಯಲ್ಲಿ ಕರವಸ್ತ್ರ ಕಚ್ಚಿಕೊಂಡು ಕೂತಿದ್ದವನು ನಾನೇ. ದುಃಖದಿಂದಲ್ಲ.

"ಒಂಬತ್ತು ವರ್ಷ ಆ ದೇಶದಲ್ಲಿದ್ರಲ್ಲ, ಏನೇನು ನೋಡಿದ್ರಿ ಹೇಳಿ," ಎಂದಿರಿ.

"ಇವನ ಪ್ಯಾಂಟು ಸಾರ್," ಎಂದು ತಾತ, ಸಾಕ್ಷಿ ಹೇಳಲು ಬಂದಿದ್ದ ಮುಂಗಾಲು ತಾತನನ್ನು ತೋರಿಸಿದರು.

"ಬೇರೆ?"

"ಬೇರೆ ಪ್ಯಾಂಟು ಇರ್ಲಿಲ್ಲ ಸಾರ್ ಇವನ ಹತ್ರ. ಅದೊಂದೇ."

ತಾವು ಸಾಕ್ಷಿಯ ಕಡೆ ತಿರುಗಿದಿರಿ. "ನಿಮ್ಮ ಹಿಂದೆ ಇದ್ದಿದ್ದು ಇವರೇನಾ? ಕಣ್ಣಾರೆ ನೋಡಿದ್ದೀರಾ?"

"ಕುದುರೆ ಒಳಗೆ ತಿರುಗೋಕೆ ಜಾಗ ಎಲ್ಲಿರತ್ತೆ ಸಾರ್? ಆದ್ರೆ ಇವನ ಸೀನು ಗೊತ್ತು. ಒಂಬತ್ತು ವರ್ಷ ನನ್ನ ಬೆನ್ನಿಗೇ ಸೀನಿದಾನೆ."

"ಬಟ್ಟೆ ಧೂಳು ಕಣೋ ಅದು!"

"ಧೂಳು ನನಗೂ ಇತ್ತಲ್ಲೋ, ನಾನು ಸೀನಿದ್ನಾ?"

"ನಿನಗೆ ಬಾಯಿ ತುಂಬ ಗಾಳಿ ಬರ್ತಿತ್ತು. ನನಗೆ ಬರ್ತಿದ್ದಿದ್ದು ಯಾವ ಗಾಳಿ ಅಂತ ಸಾಹೇಬ್ರ ಮುಂದೆ ಹೇಳ್ಲಾ?"

"ಸೀನನ್ನು ದಾಖಲೆಯೆಂದು ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲ" ಎಂದು ಬರೆದು ತಾವು ಕಡತ ಮುಚ್ಚಿದಿರಿ.

ಈಗ ತಮ್ಮದೇ ಆದೇಶವನ್ನು ಭಕ್ತಿಯಿಂದ ಓದೋಣ. ಮುಂಗಾಲು ತಾತ ಒಂಬತ್ತು ವರ್ಷ ಪರದೇಶದಲ್ಲಿ ಕುದುರೆಯಾಗಿ ದುಡಿದರೆಂದು ಒಪ್ಪಿದ್ದೀರಿ. ಹಾಗಾದರೆ ಆ ಕುದುರೆ ಎರಡೇ ಕಾಲಿನಲ್ಲಿ ಓಡಿತೇ? ಇಲ್ಲವೇ, ಮುಂಭಾಗ ಗಡಿಯಾಚೆ ಕುಣಿಯುವಾಗ ಹಿಂಭಾಗ ಈಚೆಯೇ ಉಳಿದಿತ್ತೇ? ಹೊಟ್ಟೆಯ ಬಟ್ಟೆ ಎಷ್ಟು ಮೈಲಿ ಹಿಗ್ಗಿರಬೇಕು? ಸುಂಕದವರು ಅದನ್ನೇಕೆ ತಡೆಯಲಿಲ್ಲ? ಅರ್ಧ ಕುದುರೆ ನೋಡಿದ ಮಕ್ಕಳು ಟಿಕೆಟ್ಟಿನ ಹಣವನ್ನೇಕೆ ವಾಪಸು ಕೇಳಲಿಲ್ಲ?

ಬೂಟಿನೊಳಗೆ ಕೂರಲು ಬರುವುದಿಲ್ಲ, ಮಾನ್ಯರೇ. ತಾತ ಸಂಜೆ ಮನೆಗೆ ಬಂದು ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು, "ಕುದುರೇಲಾದ್ರೆ ಹಿಡ್ಕೊಳ್ಳೋಕೆ ಒಬ್ಬ ಇದ್ದ ಕಣೋ," ಎನ್ನುತ್ತಾರೆ. ಆಗ ಮಾತ್ರ ನಗು ತಡೆಯಲು ನನಗೆ ಕರವಸ್ತ್ರ ಬೇಕಾಗುವುದಿಲ್ಲ. ಪಿಂಚಣಿ ಬಂದ ದಿನವೇ ಆ ಬೂಟು ಕಳಚಬೇಕೆಂಬುದು ನಮ್ಮ ಮನೆಯ ತೀರ್ಮಾನ.

ಆದ್ದರಿಂದ ಮರುವಿಚಾರಣೆ ನಡೆಸಬೇಕೆಂದು ಆಗ್ರಹಿಸುತ್ತೇನೆ. ಕಂಪನಿ ಮುಚ್ಚಿದಾಗ ನಮ್ಮ ಮನೆಗೆ ಬಂದಿದ್ದ ಕುದುರೆಯನ್ನು ಅಟ್ಟದಿಂದ ಇಳಿಸಿದ್ದೇವೆ. ಅಮ್ಮ ಬಾಲ ಹೊಲಿದು ಕೊಟ್ಟಿದ್ದಾಳೆ. ಬರುವ ಸೋಮವಾರ ಬಾಗಿಲು ತೆರೆದ ಕೂಡಲೇ ಅದು ತಮ್ಮ ಕಿಟಕಿಯ ಮುಂದೆ ಸರದಿಯಲ್ಲಿ ನಿಲ್ಲುತ್ತದೆ; ಟೋಕನ್ ಒಂದು ಸಾಕೋ ಎರಡು ಬೇಕೋ ತಿಳಿಸಿ. ಧೂಳನ್ನು ಬೇಕೆಂದೇ ಕೊಡವಿಲ್ಲ. ಸೀನು ಬಂದ ಕೂಡಲೇ ಮುಂಗಾಲು ತಾತ "ಇದೇ ಸಾರ್!" ಎಂದು ಕೂಗುತ್ತಾರೆ. ಆಗಲೂ ಹಿಂಭಾಗದಲ್ಲಿ ಯಾರೂ ಇಲ್ಲವೆಂದೇ ತಮಗೆ ತೋರಿದರೆ, ದಯವಿಟ್ಟು ಕಿಟಕಿ ಬಿಟ್ಟು ಹೊರಬಂದು, ಕುದುರೆಯ ಹಿಂದೆಯೇ ನಿಂತು ಪರಿಶೀಲಿಸಿ. ತಾತನ ಮಂಡಿ ಸವೆದಿರುವುದು ನಿಜ. ಆದರೂ ಒಂದು ಒದೆತಕ್ಕಾಗುವಷ್ಟು ಉಳಿಸಿಟ್ಟಿದ್ದೇನೆ ಎಂದಿದ್ದಾರೆ.

ಇಂತಿ,
ಕುದುರೆಯ ಬಾಲ ಹಿಡಿದು ಕಚೇರಿ ಸುತ್ತಿ ಸುಸ್ತಾದ ಮೊಮ್ಮಗ