ಆಸ್ಪತ್ರೆಗೆಂದು ಬಿಟ್ಟ ಜಾಗ

ಹೊಸ ಕಿಲೋಬೆ
ನವೆಂಬರ್ ೧೪, ೨೦೧೮

ಮುದ್ದು ಮುಜಿಂಗಾ,

ಚೆನ್ನಾಗಿದ್ದೀಯಾ ಕಂದಾ? ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಬಡಿಸುತ್ತಾರಾ? ನಿನ್ನ ಎರಡು ಕಾಗದಗಳೂ ಬಂದಿವೆ. ಉತ್ತರ ಬರೆಯದೆ ಒಂದೂವರೆ ತಿಂಗಳಾಯಿತು. ಮಲೇರಿಯಾ ಬಂದಿತ್ತು ಎಂದು ಸುಳ್ಳು ಹೇಳಬಹುದಿತ್ತು. ಬರೆಯಲು ಕೈ ಏಳಲಿಲ್ಲ, ಅಷ್ಟೆ. ಅಮ್ಮನ ಮೇಲೆ ಸಿಟ್ಟಾಗಬೇಡ.

ಇಲ್ಲಿ ಮಳೆ ಹಿಡಿದಿದೆ. ಗಣಿ ಕಂಪನಿ ಕಟ್ಟಿಸಿದ ಶಾಲೆ ಗಟ್ಟಿಯಾಗಿದೆ, ಅದನ್ನು ಇಲ್ಲವೆನ್ನಬಾರದು. ಆದರೆ ತಗಡಿನ ಮೇಲೆ ಮಳೆ ಸುರಿದರೆ ನನ್ನ ಪಾಠ ಎರಡನೇ ಬೆಂಚಿಗೂ ಕೇಳುವುದಿಲ್ಲ. ಈ ಮಣ್ಣಿನಲ್ಲಿ ಮರಗೆಣಸು ಬೆರಳಿಗಿಂತ ದಪ್ಪ ಬರಲೊಲ್ಲದು. ಹಳೇ ಊರು ಬಿಟ್ಟ ಮೇಲೆ ಹೊಳೆ ದೂರವಾಯಿತು, ಮೀನಿಲ್ಲ. ದಿನವೂ ಬುಕಾರಿ ಮುದ್ದೆ, ಸೊಪ್ಪು.

ಪಕ್ಕದ ಮನೆಯ ಫೇಜಾಳ ವಿಷಯ ನಿನ್ನ ಕಿವಿಗೂ ಬಿದ್ದಿರಬೇಕು. ಬೆಳಿಗ್ಗೆ ಹತ್ತಕ್ಕೆ ನೋವು ಶುರುವಾಯಿತು. ಬೈಕಿನಲ್ಲಿ ಗಂಡ ಮುಂದೆ, ಅವಳು ನಡುವೆ, ಅವಳನ್ನು ತಬ್ಬಿಕೊಂಡು ಅತ್ತೆ ಹಿಂದೆ. ಗಣಿಯ ತಿರುವಿನಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಪಟ್ಟಣದ ಆಸ್ಪತ್ರೆ ಮುಟ್ಟಲಿಲ್ಲ. ರಸ್ತೆಯ ಬದಿಯ ಕೆಸರಿನಲ್ಲೇ ಹೆರಿಗೆಯಾಯಿತು. ಮಗು ಅಳಲೇ ಇಲ್ಲ.

ಮೂರನೆಯ ದಿನ ಊರಿಗೆ ಊರೇ ಆಸ್ಪತ್ರೆಗೆಂದು ಬಿಟ್ಟ ಜಾಗದಲ್ಲಿ ಹೋಗಿ ಕುಳಿತಿತು. ಅಲ್ಲಿ ಹುಲ್ಲು ಬಿಟ್ಟರೆ ಏನಿದೆ? ಕಂಪನಿಯ ಅಧಿಕಾರಿ ಓಡಿ ಬಂದರು, ಎರಡು ವರ್ಷದ ಹಿಂದೆ ನಮ್ಮನ್ನು ಹಳೇ ಊರಿನಿಂದ ಎಬ್ಬಿಸಲು ಬಂದಿದ್ದವರೇ. ಅವರಿಗೆ ಫ್ರೆಂಚ್ ಬಿಟ್ಟು ಬೇರೆ ಭಾಷೆ ಬಾರದು. ಆಗಿನ ಹಾಗೆಯೇ ಈಗಲೂ ಎರಡೂ ಕಡೆಯ ಮಾತು ದಾಟಿಸಲು ನಾನು ನಿಂತೆ.

ಊರ ಮುಖಂಡರು, ನಮ್ಮ ಕ್ಯುಂಗು ಅಜ್ಜ, ಎದ್ದು ಕೇಳಿದರು: "ಆಸ್ಪತ್ರೆ ಎಲ್ಲಿ ಸ್ವಾಮಿ? ಕಟ್ಟಿಸಿಕೊಡ್ತೀವಿ ಅಂದ್ರಲ್ಲ! ಆ ಮಾತು ನಂಬ್ಕೊಂಡೇ ನಾನು ಹೆಬ್ಬೆಟ್ಟು ಒತ್ತಿದ್ದು."

ಅಧಿಕಾರಿ ಒಪ್ಪಂದದ ಕಾಗದ ಬಿಡಿಸಿ ಓದಿದರು. 'ಆಸ್ಪತ್ರೆಯ ಅಗತ್ಯವನ್ನು ಕಂಪನಿ ಪರಿಶೀಲಿಸುತ್ತದೆ.' ಇದ್ದದ್ದು ಇಷ್ಟೇ. ನಾನು ನಮ್ಮ ಭಾಷೆಯಲ್ಲಿ ಹೇಳಿದೆ.

ಫೇಜಾಳ ಅತ್ತೆ ಎದ್ದಳು. "ಎರಡು ವರ್ಷದಿಂದ ಅದೇನ್ ಪರಿಶೀಲಿಸ್ತಿದ್ದಾನೆ ಕೇಳು ಟೀಚರಮ್ಮ! ನಮ್ಮ ಹೆಣ್ಮಕ್ಕಳು ಇವನ ಪರಿಶೀಲನೆ ಮುಗಿಯೋ ತನಕ ಹೆರದೆ ಕೂತಿರ್ಬೇಕಾ?"

ನಾನು ಅದನ್ನು ಫ್ರೆಂಚಿನಲ್ಲಿ ದಾಟಿಸಿದೆ. ಅಧಿಕಾರಿ ಕಾಗದ ಮಡಿಚಿಕೊಂಡರು. ಜನರ ಸಿಟ್ಟು ಅಜ್ಜನ ಕಡೆ ತಿರುಗಿತು.

"ಕಂಪನಿ ಬೈಕು ಸಿಕ್ತಲ್ಲ ಅಜ್ಜ, ಸಾಕಾಯ್ತಾ? ಅದಕ್ಕೆ ನಮ್ಮನ್ನ ಮಾರಿಬಿಟ್ರಾ?"

"ನನ್ನ ಕಿವಿಯಾರೆ ಕೇಳಿದ್ದೀನ್ರಪ್ಪಾ," ಎಂದರು ಅಜ್ಜ. "ಕಟ್ಟಿಸಿಕೊಡ್ತೀವಿ ಅಂತಾನೇ ಅಂದ್ರು. ಹೆಬ್ಬೆಟ್ಟು ಒತ್ತಿದಾಗ ಒಳಗೆ ಇದ್ದದ್ದು ನಾವು ಮೂವರೇ, ಬೇಕಾದ್ರೆ ಟೀಚರಮ್ಮನ್ನ ಕೇಳಿ. ಹೇಳಮ್ಮಾ ಲಿಯೋನಿ."

ಎಲ್ಲರೂ ನನ್ನನ್ನೇ ನೋಡಿದರು. "ಅವತ್ತು ಬಹಳ ಮಾತು ನಡೀತು ಅಜ್ಜ. ನನಗೆ ಸರಿಯಾಗಿ ನೆನಪಿಲ್ಲ," ಎಂದೆ.

ಅಜ್ಜ ಮುಖಂಡತನದ ಕೋಲನ್ನು ಹುಲ್ಲಿನ ಮೇಲೆ ಇಟ್ಟು ಮನೆಗೆ ನಡೆದರು. ಮಾರನೆಯ ದಿನ ಚಾಪೆ ಸುತ್ತಿಕೊಂಡು ಹೊಳೆಯಾಚೆಯ ತಂಗಿಯ ಮನೆಗೆ ಹೋದರು. ಕಳಿಸಿಕೊಡಲು ಒಬ್ಬರೂ ಹೊರಗೆ ಬರಲಿಲ್ಲ. ನಾನೂ ಕಿಟಕಿಯಿಂದಲೇ ನೋಡಿದೆ.

ನೀನು ಮನಸ್ಸಿಟ್ಟು ಓದು. ಸೂಜಿ ಚುಚ್ಚುವಾಗ ಕೈ ನಡುಗುತ್ತದೆ ಎಂದು ಬರೆದಿದ್ದೆಯಲ್ಲ, ಬರಬರುತ್ತ ಸರಿಹೋಗುತ್ತದೆ. ದೇವರು ನಿನ್ನ ಕೈಗೆ ಧೈರ್ಯ ಕೊಡಲಿ, ಆ ಕೈ ಮುಟ್ಟಿದವರೆಲ್ಲ ಬದುಕಲಿ.

ನಿನ್ನ ಅಮ್ಮ,
ಲಿಯೋನಿ

ಮರೆತ ಮಾತು: ಮರೆತದ್ದಲ್ಲ ಮಗಳೇ, ಮೇಲೆ ಬರೆಯಲಾಗಲಿಲ್ಲ. ನನಗೆ ಎಲ್ಲ ನೆನಪಿದೆ. ಹಳೇ ಊರಿನಲ್ಲಿ ಅಧಿಕಾರಿ 'ಪರಿಶೀಲಿಸುತ್ತೇವೆ' ಎಂದೇ ಹೇಳಿದ್ದರು. 'ಕಟ್ಟಿಸಿಕೊಡುತ್ತೇವೆ' ಎಂದದ್ದು ನಾನು. ಅದೇ ವಾರ ನಿನಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಊರಿನಲ್ಲೇ ಆಸ್ಪತ್ರೆಯಾದರೆ ನೀನು ಓದು ಮುಗಿಸಿ ನನ್ನ ಹತ್ತಿರವೇ ಬರುತ್ತೀ ಎಂಬ ಆಸೆ ಬಾಯಿಗೆ ಬಂದುಬಿಟ್ಟಿತು. ಅಜ್ಜ ಚಪ್ಪಾಳೆ ತಟ್ಟಿದರು. ಆಮೇಲೆ ತಿದ್ದಲು ನಾಲಗೆ ಏಳಲಿಲ್ಲ. ಈ ಕಾಗದವನ್ನು ಲಾರಿಯವನ ಕೈಗೆ ಕೊಟ್ಟು ಹೊಳೆಯಾಚೆಗೆ ಹೊರಟಿದ್ದೇನೆ. ಮೊದಲು ಅಜ್ಜನಿಗೆ, ಆಮೇಲೆ ಫೇಜಾಳಿಗೆ, ಭಾನುವಾರ ಚರ್ಚಿನಲ್ಲಿ ಎಲ್ಲರಿಗೂ ಹೇಳುತ್ತೇನೆ. ಅವರು ನನ್ನನ್ನು ಈ ಊರಿನಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಕ್ರಿಸ್‌ಮಸ್ ರಜೆಗೆ ಹೊರಡುವ ಮುಂಚೆ, ನಾನು ಎಲ್ಲಿದ್ದೇನೆಂದು ವಿಚಾರಿಸಿಕೊಂಡು ಬಾ.