ಕೆಂಪು ಕಡಲತೀರಕ್ಕೆ ಬಂದ ನಿನ್ನ ಬೂದಿ

ಲೂಕಾಸ್,

ಸತ್ತ ಮೇಲೂ ನಿನ್ನ ಬಡಾಯಿ ನಿಂತಿಲ್ಲ. ಇವತ್ತು ಬೆಳಿಗ್ಗೆ ನಿನ್ನ ಜರ್ಮನ್ ಹೆಂಡತಿ ಹನೆಲೋರೆ ನಿನ್ನ ಬೂದಿಯನ್ನು ತಗಡಿನ ಡಬ್ಬಿಯಲ್ಲಿ ಹಿಡಿದುಕೊಂಡು ನಮ್ಮ ಸ್ಯಾಂಟೊರಿನಿ ದ್ವೀಪದ ಕೆಂಪು ಕಡಲತೀರಕ್ಕೆ ಬಂದಿದ್ದಳು. ನಮ್ಮವರಂತೆ ಮಣ್ಣಾಗುವುದು ಬಿಟ್ಟು ಸುಡಿಸಿಕೊಂಡೆಯಾ? ಸುದ್ದಿ ಕೇಳಿದಾಗ ನಮ್ಮ ಪಾದ್ರಿಯ ಮುಖ ನೋಡಬೇಕಿತ್ತು.

ನಾನು ದಡದಲ್ಲಿ ಉಪ್ಪಿನಕಾಯಿಗೆಂದು ಕೇಪರ್ ಗಿಡದ ಮೊಗ್ಗು ಬಿಡಿಸುತ್ತಿದ್ದೆ. ಅವಳು ಹತ್ತಿರ ಬಂದು ಮುರುಕು ಗ್ರೀಕ್‌ನಲ್ಲಿ ಕೇಳಿದಳು: "ನಮ್ಮ ಯಜಮಾನ್ರು ದಿನಾ ಈಜ್ಕೊಂಡು ಹೋಗ್ತಿದ್ದ ಕರೀಬಂಡೆ ಯಾವುದಮ್ಮ? ಬೂದಿ ಅಲ್ಲೇ ಬಿಡ್ಬೇಕು ಅಂದಿದ್ರು."

ಈಜು! ನೀನು! ಮೊಣಕಾಲು ಮುಳುಗಿದರೆ ನನ್ನ ತೋಳು ಹಿಡಿದು ಕಿರುಚುತ್ತಿದ್ದವನು. ಜ್ವಾಲಾಮುಖಿ ಉಗುಳಿದ ಆ ಬಂಡೆಗೆ ದಿನಾ ಈಜುತ್ತಿದ್ದವಳು ನಾನು. ನೀನು ದಡದಲ್ಲಿ ನನ್ನ ಚಪ್ಪಲಿ ಕಾಯುತ್ತಿದ್ದೆ.

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವಳು ಡಬ್ಬಿಯನ್ನು ಎದೆಗವಚಿಕೊಂಡು ಕಡಲಲ್ಲಿ ಆ ಬಂಡೆ ಹುಡುಕುತ್ತಿದ್ದಳು. ಡಬ್ಬಿ ಇಸಕೊಂಡು, ತಲೆವಸ್ತ್ರದಲ್ಲಿ ಬೆನ್ನಿಗೆ ಕಟ್ಟಿಕೊಂಡೆ. ಈ ಅರವತ್ತೆಂಟರಲ್ಲಿ ನಿನ್ನನ್ನು ಹೊತ್ತು ಈಜಿ, ಬಂಡೆಯ ಬುಡದಲ್ಲಿ ಸುರಿದೆ. ಸುರಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದೆ, ದಣಿದಿದ್ದೆನಲ್ಲ.

ದಡಕ್ಕೆ ಬಂದಾಗ ಅವಳು ತನ್ನ ಟವೆಲ್ ಹೊದಿಸಿ ಕೇಳಿದಳು: "ನೀವು ಅವರಿಗೆ ಏನಾಗ್ಬೇಕು?"

ನನ್ನ ಜೊತೆ, ಈ ಅರ್ಗಿರೋ ಜೊತೆ, ಹನ್ನೊಂದು ವರ್ಷ ಸಂಸಾರ ಮಾಡಿದ್ದನ್ನು ನೀನು ಅವಳಿಗೆ ಹೇಳೇ ಇರಲಿಲ್ಲ, ಹೇಡಿ.

"ಒಂದೇ ಊರಿನವರು, ಅಷ್ಟೆ," ಅಂದೆ. "ಚೆನ್ನಾಗಿ ಈಜ್ತಿದ್ದ."