ಹಳೆಯ ಹೊಲಿಗೆ, ಹೊಸ ಹೆರಿಗೆ

ದೊಡ್ಡಬಳ್ಳಾಪುರ,
೧೪ ನವೆಂಬರ್ ೨೦೨೪

ಪ್ರೀತಿಯ ತಂಗಿ ನಾಗಲಕ್ಷ್ಮಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಬಿ.ಪಿ. ಹೇಗಿದೆ? ಇಲ್ಲೇ ಪಕ್ಕದ ಮಧುರೆಯಲ್ಲಿ ತಮ್ಮನ ಮನೆಯವರೆಲ್ಲ ಕ್ಷೇಮವೆ? ನೀನು ಫೋನ್ ಆಫ್ ಮಾಡಿ ಕುಳಿತಿರುವುದರಿಂದ ಕಾಗದ ಬರೆಯಬೇಕಾಯಿತು. ಮೊದಲೇ ಹೇಳಿಬಿಡುತ್ತೇನೆ, ನೆಮ್ಮದಿಯಾಗಿ ಉಸಿರಾಡು: ನಿನ್ನ ಸೊಸೆ ವಾಣಿಗೆ ಮೊನ್ನೆ ಸಂಜೆ ಸಹಜವಾಗಿ ಹೆರಿಗೆಯಾಯಿತು. ಹೆಣ್ಣುಮಗು. ಇಬ್ಬರೂ ಚೆನ್ನಾಗಿದ್ದಾರೆ, ಇಂದು ಬೆಳಿಗ್ಗೆ ಮನೆಗೂ ಬಂದರು.

"ಅಕ್ಕಾ, ಆ ಹುಡುಗಿಗೆ ನೋವು ಬರಿಸ್ತಾರಂತೆ. ನಾನ್ ನೋಡಕ್ಕಾಗಲ್ಲ, ಹೋಗ್ತೀನಿ" ಎಂದು ನೀನು ಚೀಲ ಹಿಡಿದು ಹೊರಟಾಗ ನಾನು ತಡೆಯಲಿಲ್ಲ. ವಾಣಿಯಂತೆಯೇ ನಮ್ಮ ತಂಗಿ ರುಕ್ಕುವಿನದೂ ಮೊದಲನೆಯ ಹೆರಿಗೆ ಆಪರೇಷನ್. ಎರಡನೆಯದಕ್ಕೆ ಮನೆಯಲ್ಲೇ ಯಾರೋ ಇಂಜೆಕ್ಷನ್ ಕೊಟ್ಟು ನೋವು ಹೆಚ್ಚಿಸಿದರು, ಒಳಗಿನ ಹೊಲಿಗೆ ಬಿಟ್ಟಿತು, ಅವಳು ಉಳಿಯಲಿಲ್ಲ. ನಿನ್ನ ಹೆದರಿಕೆ ಸುಳ್ಳಲ್ಲ. ಅದನ್ನೇ ಡಾಕ್ಟರ್ ಹರ್ಷಿತಳ ಮುಂದಿಟ್ಟೆ. ಇಷ್ಟು ವರ್ಷ ನರ್ಸ್ ಹುಡುಗಿಯರಿಗೆ ಪಾಠ ಹೇಳಿದವಳು ನಾನು. ಆ ಎಳೆಯ ಡಾಕ್ಟರ್ ಮುಚ್ಚುಮರೆಯಿಲ್ಲದೆ ಮಾತಾಡಿದ್ದು ಕೇಳಿ ಮನಸ್ಸು ತುಂಬಿತು. "ಭಯಾನೇ ಇಲ್ಲ ಅಂತ ಹೇಳಲ್ಲಮ್ಮ. ನೂರರಲ್ಲಿ ಒಬ್ರಿಗೆ ಹೊಲಿಗೆ ಬಿಡಬಹುದು. ಅದಕ್ಕೇ ಥಿಯೇಟರ್ ರೆಡಿ ಇಟ್ಕೊಂಡೇ ಶುರು ಮಾಡೋದು" ಎಂದಳು. ವಾಣಿಗೆ ದಿನ ತುಂಬಿ ವಾರ ಕಳೆದರೂ ನೋವಿರಲಿಲ್ಲ. ಹಳೆಯ ಗಾಯ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಲಾಗಿತ್ತು, ದೊಡ್ಡ ಮಗುವಿಗೂ ನಾಲ್ಕು ತುಂಬಿದೆ. ಮತ್ತೆ ಆಪರೇಷನ್ನೋ, ನೋವು ಬರಿಸುವುದೋ ಎಂದು ಎರಡೂ ದಾರಿಗಳನ್ನು ಕೇಳಿ ತಿಳಿದು, ನೋವು ಬರಿಸುವುದಕ್ಕೆ ಅವಳು ತಾನೇ ಒಪ್ಪಿದಳು.

ನೋವು ಬರಿಸುವ ಮಾತ್ರೆಯನ್ನು ಅವಳಿಗೆ ಕೊಡಲಿಲ್ಲ. ಹೊಲಿಗೆಯಿರುವವರಿಗೆ ಅದು ಅಪಾಯ. ಸಣ್ಣ ಬಲೂನಿನಿಂದ ಗರ್ಭಕೋಶದ ಬಾಯಿ ಸಡಿಲಿಸಿ, ಆಮೇಲೆ ಡ್ರಿಪ್ಪನ್ನು ಹನಿಹನಿಯಾಗಿ ಬಿಟ್ಟರು. ಮಗುವಿನ ಎದೆಬಡಿತ ಯಂತ್ರದಲ್ಲಿ ಬಿಡುವಿಲ್ಲದೆ ಕೇಳುತ್ತಿತ್ತು. ನೋವಿನ ನಡುವೆಯೂ ನಿನ್ನ ಸೊಸೆ, "ದೊಡ್ಡಮ್ಮ, ಈ ಡ್ರಿಪ್ಪಿಗಿಂತ ನಮ್ ಬೀದಿ ನಲ್ಲೀನೇ ಜೋರಾಗಿ ಬರುತ್ತೆ" ಎಂದು ನರ್ಸುಗಳನ್ನೆಲ್ಲ ನಗಿಸಿದಳು. ನಿನ್ನ ಯಜಮಾನರು ಫೋನ್ ಕೇಳಿಸಲೆಂದು ಮನೆಯ ಕರೆಂಟ್ ಮಗ್ಗಗಳನ್ನೆಲ್ಲ ನಿಲ್ಲಿಸಿ ಕೂತಿದ್ದರಂತೆ. ಸುದ್ದಿ ತಲುಪಿದೊಡನೆ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಿದರು. ಆ ಸದ್ದು ಕೇಳಿದ ಬೀದಿಗೆ ಬೇರೆ ಹೇಳಬೇಕಾಗಲಿಲ್ಲ.

ತಮ್ಮನಿಗೂ ಅವನ ಮಕ್ಕಳಿಗೂ ನನ್ನ ಹಾರೈಕೆಗಳನ್ನು ತಿಳಿಸು.

ನಿನ್ನ ಅಕ್ಕ,
ಚೌಡಮ್ಮ

ಮುಖ್ಯವಾದದ್ದೇ ಬಿಟ್ಟುಹೋಯಿತು: ವಾಣಿ ಹಟ ಹಿಡಿದಿದ್ದಾಳೆ. "ನನಗೆ ನೀರು ಹಾಕೋದಾದ್ರೆ ಅತ್ತೇನೇ ಹಾಕ್ಬೇಕು" ಎನ್ನುತ್ತಾಳೆ. ನಿನ್ನ ಮಗ ಸಂತೋಷ್ ಹಂಡೆಗೆ ಉರಿ ಹಚ್ಚಿ, ಹೊಗೆಯಲ್ಲಿ ಕೆಮ್ಮುತ್ತಿದ್ದಾನೆ. ಕಾಗದ ತಂದ ಗೋಪಾಲಪ್ಪನ ಆಟೋ ನಿನ್ನ ಬಾಗಿಲಲ್ಲೇ ನಿಂತಿದೆ. ಖಾಲಿ ಬರಕೂಡದೆಂದು ಹೇಳಿ ಕಳಿಸಿದ್ದೇನೆ. ನೀರು ಆರುವುದರೊಳಗೆ ಬಾ.